ಅರ್ಧಗಂಟೆ ಎಲ್ಲಿ ಹೋಯಿತು?

ನಮ್ಮ ಫಿಸಿಕ್ಸ್ ಮೇಷ್ಟ್ರು ತೀರಿಕೊಂಡ ಸುದ್ದಿ ಬ್ಯಾಚಿನ ವಾಟ್ಸ್‌ಆ್ಯಪ್ ಗುಂಪಿಗೆ ಬಂದಾಗ, ಕೈಮುಗಿದ ಚಿತ್ರಗಳ ಸಾಲಿನ ನಡುವೆ ಒಬ್ಬ ಕೇಳಿದ: ‘ಎಷ್ಟು ಗಂಟೆಗೆ? ಸರಿಯಾಗಿ ಹೇಳ್ರೋ, ಇಲ್ಲದಿದ್ರೆ ಅವರಿಗೆ ಕೋಪ ಬರುತ್ತೆ.’ ಹೊರಗಿನವರಿಗೆ ಇದು ಕೆಟ್ಟ ತಮಾಷೆ ಅನ್ನಿಸಬಹುದು. ನಮಗೆ ಕಣ್ಣು ತುಂಬಿ ಬಂದದ್ದು ಆ ಸಾಲಿಗೇ.

ಅವರಿಗೆ ನಾವಿಟ್ಟ ಹೆಸರು ‘ಸೆಕೆಂಡ್ ಮುಳ್ಳು’. ಗಂಟೆ ಹೊಡೆದ ಸದ್ದು ಅಡಗುವುದರೊಳಗೆ ಅವರ ಕಾಲು ಹೊಸ್ತಿಲ ಒಳಗಿರುತ್ತಿತ್ತು. ಕೈಯಲ್ಲಿ ಎಚ್‌ಎಂಟಿ ಗಡಿಯಾರ, ದಿನಾ ಬೆಳಿಗ್ಗೆ ರೇಡಿಯೋ ವಾರ್ತೆಗೆ ಸರಿಯಾಗಿ ಕೀಲಿ. ಅವರು ನಮಗೆ ಕಲಿಸಿದ್ದು ಥರ್ಮೋಡೈನಮಿಕ್ಸ್ ಇರಬೇಕು, ಆಣೆ ಮಾಡಿ ಹೇಳಲಾರೆ. ಎಂಜಿನಿಯರಾಗಿ ಮೂವತ್ತೈದು ವರ್ಷ ದುಡಿದು ನಿವೃತ್ತನಾದ ಮೇಲೂ ಚಾಚೂ ತಪ್ಪದೆ ನೆನಪಿರುವುದು ಜೈಪುರದ ಒಂದು ಬೆಳಗ್ಗೆ ಮಾತ್ರ.

1985 ಅಂತರರಾಷ್ಟ್ರೀಯ ಯುವ ವರ್ಷ. ಆ ನೆಪದಲ್ಲಿ ನಮ್ಮ ಎನ್‌ಎಸ್‌ಎಸ್ ಘಟಕ ಡಿಸೆಂಬರ್ ರಜೆಗೆ ಉತ್ತರ ಭಾರತ ಪ್ರವಾಸ ಹೊರಟಿತು. ವಿದ್ಯಾರ್ಥಿ ರಿಯಾಯಿತಿ ಟಿಕೆಟ್ಟಿನಲ್ಲಿ ದೆಹಲಿ ತನಕ ಎರಡು ರಾತ್ರಿ, ಅಲ್ಲಿಂದ ಮೀಟರ್‌ಗೇಜ್ ರೈಲಿನಲ್ಲಿ ಜೈಪುರ. ಹುಡುಗರ ಹೊಣೆ ಮೇಷ್ಟ್ರದು, ಹುಡುಗಿಯರ ಹೊಣೆ ಕನ್ನಡ ಮೇಡಂ ಅವರದು. ಧರ್ಮಶಾಲೆಯ ನೆಲ ಐಸಿನ ಹಾಗಿತ್ತು. ಬಾಟಿ ಎಂಬ ಸುಟ್ಟ ಗೋಧಿಹಿಟ್ಟಿನ ಉಂಡೆಯನ್ನು ಮುಷ್ಟಿಯಲ್ಲಿ ಒಡೆದು ತುಪ್ಪ ಸುರಿದುಕೊಟ್ಟರೆ, ನಮ್ಮವರು ಅದರ ಮೇಲೆ ಮೇಡಂ ತಂದಿದ್ದ ಚಟ್ನಿಪುಡಿ ಉದುರಿಸಿಕೊಂಡು ತಿಂದರು. ಬಡಿಸುವವನು ನಿಂತು ನೋಡಿದ.

ಮೇಡಂಗೆ ಯಾವುದನ್ನೂ ಸುಮ್ಮನೆ ಹೊಗಳಿ ಗೊತ್ತಿಲ್ಲ. 1876ರಲ್ಲಿ ವೇಲ್ಸ್ ರಾಜಕುಮಾರ ಬರುತ್ತಾನೆಂದು ಊರಿಗೆಲ್ಲ ಗುಲಾಬಿ ಬಣ್ಣ ಬಳಿಸಿದರು ಎಂದು ಗೈಡ್ ಹೇಳಿದಾಗ, ‘ನಮ್ಮ ಕಾಲೇಜಿಗೂ ಇನ್‌ಸ್ಪೆಕ್ಷನ್ ಬಂದಾಗಲೇ ಸುಣ್ಣ’ ಎಂದರು. ಹವಾಮಹಲಿನ ಎದುರು ನಾವು ಗ್ರೂಪ್ ಫೋಟೋ ಹೊಡೆಸಿಕೊಂಡು ಮುಗಿಯಿತು ಅಂದುಕೊಂಡೆವು. ಮೇಡಂ ಹುಡುಗಿಯರನ್ನು ಕರೆದುಕೊಂಡು ಹಿಂದಿನಿಂದ ಒಳಗೆ ಹೋದರು. ಆ ಕಟ್ಟಡಕ್ಕೆ ಮುಂದಿನಿಂದ ಬಾಗಿಲೇ ಇಲ್ಲ. 953 ಕಿಟಕಿಗಳಲ್ಲಿ ಯಾವುದೋ ಒಂದರ ಹಿಂದೆ ನಿಂತು ನಮ್ಮ ಹೆಸರು ಹಿಡಿದು ಕೂಗಿದರು. ಕತ್ತೆತ್ತಿ ಎಷ್ಟು ಹುಡುಕಿದರೂ ನಮಗೆ ಯಾರೂ ಕಾಣಲಿಲ್ಲ, ಅವರಿಗೆ ನಾವೆಲ್ಲ ಕಾಣುತ್ತಿದ್ದೆವು. ರಾಣಿವಾಸ ಅಂದರೇನು ಎಂಬ ಪಾಠ ಅಷ್ಟೇ.

ಇನ್ನು ನಮ್ಮ ಪ್ರತಾಪ. ಜೈಪುರದಲ್ಲಿ ರಾಜಮಂದಿರ್ ಎಂಬ ಚಿತ್ರಮಂದಿರವಿದೆ. 1976ರಲ್ಲಿ ತೆರೆದದ್ದು, ಒಳಗೆ ಅರಮನೆಯೇ. ಮಾರನೆಯ ದಿನ ಎರಡು ಗಂಟೆಗೆ ಪೇಟೆ ಸುತ್ತಲು ಬಿಡುತ್ತೇನೆ, ಆರಕ್ಕೆ ಸರಿಯಾಗಿ ಧರ್ಮಶಾಲೆಯಲ್ಲಿರಬೇಕು ಎಂದು ಮೇಷ್ಟ್ರ ಕಟ್ಟಪ್ಪಣೆ. ಮೂರರ ಆಟ ಬಿಡುವುದೇ ಆರು ದಾಟಿದ ಮೇಲೆ. ಪರಿಹಾರ ಹೊಳೆದದ್ದು ನನಗೆ: ಮೇಷ್ಟ್ರ ಗಡಿಯಾರವನ್ನೇ ಅರ್ಧಗಂಟೆ ಹಿಂದಿಡುವುದು. ಎರಡಕ್ಕೆ ಬಿಡುವವರು ಎರಡೂವರೆಗೆ ಬಿಡುತ್ತಾರೆ ಎಂಬುದನ್ನೂ ಲೆಕ್ಕ ಹಾಕಿದ್ದೆ, ಆಗಲೇ ಎಂಜಿನಿಯರ್ ಬುದ್ಧಿ ನೋಡಿ. ಬೆಳಿಗ್ಗೆ ಅವರು ಮುಖ ತೊಳೆಯಲು ಗಡಿಯಾರ ಬಿಚ್ಚಿ ಕಿಟಕಿ ಕಟ್ಟೆಯ ಮೇಲಿಟ್ಟರು. ಒಬ್ಬ ಬಾಗಿಲಲ್ಲಿ ಕಾವಲು, ನಾನು ಕೀಲಿ ಎಳೆದು ಮುಳ್ಳು ತಿರುಗಿಸಿದೆ. ಚಳಿಗೋ ಭಯಕ್ಕೋ ಬೆರಳು ನಡುಗುತ್ತಿತ್ತು. ತಿಂಡಿಗೆ ಕೂತಾಗ ಮೇಡಂ ತಮ್ಮ ಗಡಿಯಾರ ನೋಡಿಕೊಂಡು, ‘ಸಾರ್, ನಿಮ್ಮದರಲ್ಲಿ ಎಷ್ಟು?’ ಎಂದು ಕೇಳಿದರು. ಎದೆ ಝಲ್ಲೆಂದಿತು. ಅವರು ಮರುಮಾತಿಲ್ಲದೆ ತಮ್ಮದನ್ನೂ ಅರ್ಧಗಂಟೆ ಹಿಂದಿಟ್ಟುಕೊಂಡರು.

ಅಲ್ಲಿಂದ ಜಂತರ್ ಮಂತರ್‌ಗೆ ಹೋದೆವು. ಸವಾಯಿ ಜಯಸಿಂಹ 1734ರ ಹೊತ್ತಿಗೆ ಕಟ್ಟಿ ಮುಗಿಸಿದ ವೇಧಶಾಲೆ. ಅಲ್ಲಿನ ಸಮ್ರಾಟ್ ಯಂತ್ರವೆಂದರೆ 27 ಮೀಟರ್ ಎತ್ತರದ ನೆರಳು ಗಡಿಯಾರ, ಆಕಾಶಕ್ಕೆ ಏಣಿ ಒರಗಿಸಿಟ್ಟ ಹಾಗೆ. ಅದರ ನೆರಳು ಬಿಲ್ಲಿನಂತೆ ಬಾಗಿದ ಕಲ್ಲಿನ ಮೇಲೆ ಸೆಕೆಂಡಿಗೆ ಸುಮಾರು ಒಂದು ಮಿಲಿಮೀಟರ್ ಸರಿಯುತ್ತದೆ, ಕೂತು ನೋಡಿದರೆ ಕಣ್ಣಿಗೆ ಕಾಣುತ್ತದೆ. ಹತ್ತಿರದಿಂದ ನೋಡಿದರೆ ನೆರಳಿನ ಅಂಚು ಮಬ್ಬು. ಮೇಷ್ಟ್ರು ಜೇಬಿನ ಪೆನ್ಸಿಲ್ ತೆಗೆದು ಕಲ್ಲಿನ ಹತ್ತಿರ ಅಡ್ಡ ಹಿಡಿದು, ಮಂಡಿಯೂರಿ, ಪೆನ್ಸಿಲಿನ ನೆರಳು ಎಲ್ಲಿ ಮಾಯವಾಗುತ್ತದೋ ಅಲ್ಲಿ ಉಗುರಿಟ್ಟರು. ಹತ್ತು ನಲವತ್ತು. ಗಡಿಯಾರ ನೋಡಿದರು. ಹತ್ತು ಮೂವತ್ತೇಳು.

ಗೈಡ್ ಚಪ್ಪಾಳೆ ತಟ್ಟಿದ. 250 ವರ್ಷ ಹಳೆಯ ಕಲ್ಲಿಗೂ ಈ ಗಡಿಯಾರಕ್ಕೂ ಮೂರೇ ನಿಮಿಷ! ನಾವೂ ತಟ್ಟಿದೆವು. ಮೇಷ್ಟ್ರು ಮಾತ್ರ ಮಂಡಿಯೂರಿದ್ದವರು ಏಳಲಿಲ್ಲ.

‘ತಪ್ಪು,’ ಎಂದರು. ‘ನಮ್ಮ ಗಡಿಯಾರ ಓಡೋದು ಎಂಬತ್ತೆರಡೂವರೆ ಡಿಗ್ರಿ ರೇಖಾಂಶದ ಲೆಕ್ಕಕ್ಕೆ. ಜೈಪುರ ಇರೋದು ಸುಮಾರು 75.8ರಲ್ಲಿ. ಡಿಗ್ರಿಗೆ ನಾಲ್ಕು ನಿಮಿಷ. ಡಿಸೆಂಬರ್ ಕೊನೆಯಲ್ಲಿ ಬೇರೆ ತಿದ್ದುಪಡಿ ಹೆಚ್ಚುಕಮ್ಮಿ ಸೊನ್ನೆ. ಸೂರ್ಯ ನನ್ನ ಗಡಿಯಾರಕ್ಕಿಂತ 27 ನಿಮಿಷ ಹಿಂದಿರಬೇಕು. ಮೂರು ನಿಮಿಷ ಮುಂದಿದ್ದಾನೆ. ಅಂದ್ರೆ?’

ಯಾರೂ ಬಾಯಿಬಿಡಲಿಲ್ಲ. ಕ್ಲಾಸಿನಲ್ಲಿ ಮೊದಲು ಉತ್ತರ ಹೇಳುವ ಚಟ ನನಗೆ. ‘ಮೂವತ್ತು ನಿಮಿಷ ಸಾರ್, ನಿಮ್ಮ ಗಡಿಯಾರ ಹಿಂದಿದೆ.’

ಅವರು ನನ್ನನ್ನೇ ನೋಡಿದರು. ‘ಇಷ್ಟು ಬೇಗ ಹೇಳಬೇಕಾದ್ರೆ ಉತ್ತರ ಮೊದಲೇ ಗೊತ್ತಿರಬೇಕು ಕಣಯ್ಯ.’

ಲೆಕ್ಕ ನಾನು ಅಲ್ಲೇ, ಮನಸ್ಸಿನಲ್ಲೇ ಮಾಡಿದ್ದೆ. ಇವತ್ತಿಗೂ ಯಾರೂ ನಂಬುವುದಿಲ್ಲ. ಬೈಗುಳವಿಲ್ಲ, ಮನೆಗೆ ಕಾಗದವಿಲ್ಲ. ಸಿನಿಮಾ ತಪ್ಪಿತು. ಬಾಪು ಬಜಾರಿನಲ್ಲಿ ಮೇಡಂ ಕೊಂಡ ಎರಡು ಜೈಪುರಿ ರಜಾಯಿಗಳ ಗಂಟನ್ನು ನಮ್ಮೂರ ಸ್ಟೇಷನ್ ತನಕ ನಾನೇ ಹೊರಬೇಕು ಎಂದು ಶಿಕ್ಷೆಯಾಯಿತು.

ಶ್ರದ್ಧಾಂಜಲಿ ಸಭೆಗೆಂದು ಈಚೆಗೆ ಕಾಲೇಜಿಗೆ ಬಂದಿದ್ದೆ. ಫಿಸಿಕ್ಸ್ ಲ್ಯಾಬಿನಲ್ಲಿ ಸ್ಮಾರ್ಟ್ ಬೋರ್ಡ್ ಬಂದಿದೆ, ಸಂತೋಷ. ಪ್ರವಾಸ ಎಲ್ಲಿಗೆ ಹೋಗ್ತೀರಪ್ಪ ಎಂದು ಹುಡುಗರನ್ನು ಕೇಳಿದರೆ, ಒಂದು ದಿನದ ರೆಸಾರ್ಟ್, ಮಳೆ ನೃತ್ಯ ಅಂದರು. ಹೋಗಲಿ, ತಪ್ಪಲ್ಲ. ಆದರೆ ಜೊತೆಗೆ ಬರುವ ಮೇಷ್ಟ್ರು ಯಾರು ಎಂದರೆ, ಟೂರ್ ಮ್ಯಾನೇಜರ್ ಇರ್ತಾನೆ ಸಾರ್ ಅಂದರು. ಲ್ಯಾಬ್ ರೆಕಾರ್ಡಿನ ರೀಡಿಂಗುಗಳು ಫೋನಿನಲ್ಲೇ ಬರುತ್ತವಂತೆ. ನಾವೂ ಸೀನಿಯರ್‌ಗಳದ್ದನ್ನು ಕಾಪಿ ಹೊಡೆದವರೇ, ಅದಕ್ಕೇ ಜಾಸ್ತಿ ಮಾತಾಡಲಿಲ್ಲ.

ಸಭೆಯಲ್ಲಿ ನಾನು ಇದೇ ಕಥೆ ಹೇಳಿದೆ, ಕೊಂಚ ಉಪ್ಪುಖಾರ ಹಚ್ಚಿಯೇ. ಮುಂದಿನ ಸಾಲಿನಲ್ಲಿ ಮೇಡಂ ಕೂತಿದ್ದರು, ಎಂಬತ್ತು ದಾಟಿದೆ, ಕಿವಿ ಚುರುಕಾಗಿದೆ. ಕೆಳಗಿಳಿದು ಬಂದು ಕಾಲಿಗೆರಗಿದೆ. ಹತ್ತಿರ ಕೂರಿಸಿಕೊಂಡು, ಪಕ್ಕದವರಿಗೆ ಕೇಳದ ಹಾಗೆ ಹೇಳಿದರು:

‘ಅವತ್ತು ನನ್ನ ಗಡಿಯಾರ ಸರಿಯಾಗಿಯೇ ಇತ್ತು ಕಣೋ. ನಿಮ್ಮ ಸಿನಿಮಾ ಸಂಚು ಹುಡುಗಿಯರು ರಾತ್ರಿನೇ ಹೇಳಿದ್ರು. ಆ ರಾಜಮಂದಿರ್ ನನಗೂ ನೋಡಬೇಕಿತ್ತು. ನೀನೊಬ್ಬ ಬಾಯಿ ಮುಚ್ಕೊಂಡಿದ್ದಿದ್ರೆ!’