ತಂಬಗಿ ತಗೊಂಡು ಹೋದವ್ರು

ಧಾರವಾಡದಾಗ ನಾವು ಕಲಿಯೂ ಮುಂದ ಅನುವಾದದ ಪೇಪರ್ ಅಂದ್ರ ಸ್ಕೋರಿಂಗ್ ಅಂತ ಎಲ್ಲಾರೂ ತಗೋತಿದ್ರು, ನಾನೂ ಹಂಗ ತಗೊಂಡಿದ್ದೆ, ಆದ್ರ ಸರ್ ಹಳೇ ಧರ್ಮಗ್ರಂಥ ಹಿಡ್ಕೊಂಡು ಬಂದು ಒಂದ ವಾರದಾಗ ನಮ್ಮ ಸೊಕ್ಕು ಇಳಿಸಿಬಿಟ್ರು.

ಬೈಬಲ್ಲಿನ ಒಂದನೇ ಸಮುವೇಲ, 24ನೇ ಅಧ್ಯಾಯ. ದಾವೀದನ್ನ ಕೊಲ್ಲಾಕ ಹುಡುಕ್ಕೋತ ಹೊಂಟ ರಾಜ ಸೌಲ ಒಂದು ಗವಿ ಹೊಕ್ಕಾನ, ಯಾಕಂದ್ರ 'ಕಾಲು ಮುಚ್ಚಿಕೊಳ್ಳಾಕ'. ಹೀಬ್ರೂದಾಗ ಹಂಗ ಐತಿ, 1611ರ ಇಂಗ್ಲಿಷ್ ಬೈಬಲ್ನ್ಯಾಗೂ ಇದ್ದದ್ದು ಇದ್ದಂಗ ಇಟ್ಟಾರ. ಥಂಡಿ ಆಗಿ ಹೊಚ್ಕೊಂಡು ಮಲಗಾಕ ಹೋಗಿರಬೇಕ್ರಿ ಸರ್ ಅಂದ ಒಬ್ಬ. ಸರ್ ಕೇಳಿದ್ರು, 'ನಿಮ್ಮೂರಾಗ ಮುಂಜಾನೆದ್ದು ಅಪ್ಪಾರು ತಂಬಗಿ ತಗೊಂಡು ಹೋಗ್ಯಾರ ಅಂದ್ರ ನೀರು ತರಾಕ ಹೋಗ್ಯಾರ ಅಂತ ತಿಳ್ಕೋತೀಯೇನಪಾ?' ಇಡೀ ಕ್ಲಾಸು ಹೊಟ್ಟಿ ಹಿಡ್ಕೊಂಡು ನಕ್ತು. ಬೈಲಕಡಿಗೆ ಕೂತಾಗ ಅರಿವಿ ಕಾಲ ಮ್ಯಾಲೆ ಬೀಳತೈತಿ, ಅಷ್ಟ. ಅದ ಗವಿಯೊಳಗ ದಾವೀದ ಅಡಗಿದ್ದ, ಸಪ್ಪಳಿಲ್ಲದ ರಾಜನ ನಿಲುವಂಗಿ ಚುಂಗು ಕತ್ತರಿಸಿಕೊಂಡ, ಇಷ್ಟು ಮಂದಿ ದಂಡಿದ್ದ ರಾಜ ಆ ಹೊತ್ತಿಗೆ ಒಬ್ಬನ ಹೆಂಗ ಸಿಕ್ಕ ಅನ್ನೂದು ಈ ಮಾತು ತಿಳೀದ ಬಗೆಹರಿಯೂದ ಇಲ್ಲ.

ನಾವು ಎಲ್ಲಾದಕ್ಕೂ ಲೈಬ್ರರಿಗೆ ಓಡಿ 1894ರ ಕಿಟೆಲ್ ಕನ್ನಡ-ಇಂಗ್ಲಿಷ್ ನಿಘಂಟು ತೆಗೀತಿದ್ವಿ. ಕಿಟೆಲ್ ಸಾಹೇಬ್ರೇ ಮಂದಿ ಬಾಯಾಗಿನ ಗಾದಿ ಕೂಡ ಸೇರಿಸ್ಯಾರ, ನೀವೂ ಮೊದ್ಲ ಮಂದಿ ಮಾತು ಕೇಳ್ರಿ ಅಂತಿದ್ರು ಸರ್. ಟೊಂಕ ಕಟ್ಟೋದು ಹೀಬ್ರೂದಾಗೂ ಐತಿ ನಮ್ಮಲ್ಲೂ ಐತಿ, ಅಲ್ಲಿ ಪುಕ್ಕಟೆ ಪಾರು.

ಛಾಂದೋಗ್ಯ ಉಪನಿಷತ್ತಿನ 'ಸಮಿತ್ಪಾಣಿ'ಗೆ ಮಾತ್ರ ಜಗಳ ಆತು. ಇಂದ್ರ, ಅಸುರರ ರಾಜ ವಿರೋಚನ ಇಬ್ರೂ ಕೈಯಾಗ ಸಮಿಧ, ಅಂದ್ರ ಹೋಮದ ಕಟ್ಟಿಗಿ, ಹಿಡ್ಕೊಂಡು ಪ್ರಜಾಪತಿ ಹಂತ್ಯಾಕ ಬರ್ತಾರ, ಅಂದ್ರ ನಮ್ಮನ್ನ ಶಿಷ್ಯರು ಮಾಡ್ಕೋರಿ ಅಂತ. 'ಶಿಷ್ಯರಾಗಿ ಬಂದರು' ಅಂತ ಬರದ್ರ ಸಾಲದೇನು ಅಂದ್ವಿ. ದೇವತೆಗಳ ರಾಜ ಕಟ್ಟಿಗಿ ಹಿಡ್ಕೊಂಡು ಬಂದಾನ, ಅದನ್ನೂ ಕಸಗೊಂತೀರೇನು ಅಂದ್ರು ಸರ್. ಅದು ಖರೆ, ಆದ್ರ ಅಡಿಟಿಪ್ಪಣಿ ಬ್ಯಾಡ ಅನ್ನೂ ಅವರ ಹಟ ನನಗ ಇವತ್ತಿಗೂ ಒಪ್ಪಿಗಿ ಇಲ್ಲ.

ಸರ್ ಬಗೆಹರಿಸದ ಬಿಟ್ಟಿದ್ದು ಬೈಬಲ್ಲಿನ ಜ್ಞಾನೋಕ್ತಿ 25ನೇ ಅಧ್ಯಾಯದ ಮಾತು: ವೈರಿ ಹಸದ್ರ ಉಣ್ಣಾಕ ಕೊಡು, ಅವನ ತಲಿ ಮ್ಯಾಲೆ ಕೆಂಡ ಸುರುವಿದಂಗ. ಕೆಂಡ ಅಂದ್ರ ವೈರಿಗೆ ನಾಚಿಕಿನೋ ಶಿಕ್ಷೆನೋ ಅಂತ ಪಂಡಿತರ ನಡುವನ ವಾದ ಐತಿ. ನಮ್ಮ ಬ್ಯಾಚಿನ ವಾಟ್ಸಾಪ್ ಗ್ರೂಪಿನ್ಯಾಗೂ ಆಗಾಗ ಏಳತೈತಿ, ಹುಬ್ಬಳ್ಳಿ ದೋಸ್ತರು ಶಿಕ್ಷೆ ಪಾರ್ಟಿ, ನಾ ನಾಚಿಕಿ ಪಾರ್ಟಿ. ಹಿಂದನ ದೇವರು ನಿನಗ ಪ್ರತಿಫಲ ಕೊಡ್ತಾನ ಅಂತ ಐತಲ್ಲ, ಸುಡಾಕ ಹೋದವಗ ಯಾವ ದೇವರು ಬಹುಮಾನ ಕೊಡ್ತಾನ್ರಿ?