ಮಲ್ಟಿಪಾತ್ ಕಡಿತ, ಮೂರನೇ ಕಂತು: ಫಿಲ್ಟರ್ ಆಮೇಲೆ, ಮೊದಲು ಪ್ರತಿಫಲನ ಎಲ್ಲಿಂದ ಅಂತ ನೋಡಿ

ಉಪಗ್ರಹದ ಸಿಗ್ನಲ್ ನೇರವಾಗಿ ಬರುವುದರ ಜೊತೆಗೆ ಬೇರೆಡೆ ಪುಟಿದೂ ಆಂಟೆನಾ ತಲುಪಿ ದೂರದ ಅಳತೆ ಕೆಡಿಸುವುದೇ ಮಲ್ಟಿಪಾತ್. ಸದ್ಯದ ಜೋಡಣೆ: ಯು-ಬ್ಲಾಕ್ಸ್ ಎಫ್9ಪಿ ಜಿಪಿಎಸ್ ರಿಸೀವರ್, ಕಾಂಕ್ರೀಟ್ ತಾರಸಿಯಿಂದ 1.5 ಮೀಟರ್ ಎತ್ತರದ ಕಂಬದ ಮೇಲೆ ಎಲ್1/ಎಲ್2 (ಜಿಪಿಎಸ್‌ನ ಎರಡು ಆವರ್ತನಗಳು) ಪ್ಯಾಚ್ ಆಂಟೆನಾ. ಸೆಕೆಂಡಿಗೊಂದು ಸಲ ಬರುವ ಕಚ್ಚಾ ಡೇಟಾವನ್ನು ಆರ್‌ಟಿಕೆಲಿಬ್ ತಂತ್ರಾಂಶದಿಂದ ರೈನೆಕ್ಸ್ ಎಂಬ ಫೈಲ್ ನಮೂನೆಗೆ ಬದಲಿಸಲಾಗುತ್ತಿದೆ.

ಎಂಪಿ1 (ಎಲ್1 ಕೋಡಿನಲ್ಲಿರುವ ಮಲ್ಟಿಪಾತ್‌ನ ಅಳತೆ) ಲೆಕ್ಕ ಈಗ ಸರಿಹೋಗಿದೆ. ಎಲ್1 ಕೋಡ್ ದೂರದಿಂದ (ಸಿಗ್ನಲ್‌ನ ಕೋಡ್ ಬಂದ ಸಮಯದಿಂದ ಅಳೆದದ್ದು) ಎಲ್1 ಫೇಸಿನ (ವಾಹಕ ಅಲೆಯ ಸೈಕಲ್ ಎಣಿಸಿ ಅಳೆದದ್ದು) 4.0915 ಪಟ್ಟು ಕಳೆದು, ಎಲ್2 ಫೇಸಿನ 3.0915 ಪಟ್ಟು ಕೂಡಿಸಬೇಕು. ದೂರ, ಗಡಿಯಾರದ ತಪ್ಪು, ಅಯಾನೋಸ್ಫಿಯರ್ (ವಾತಾವರಣದ ವಿದ್ಯುದಾವೇಶಿತ ಮೇಲ್ಪದರ) ಎಲ್ಲ ವಜಾ ಆಗಿ ಕೋಡ್ ಮಲ್ಟಿಪಾತ್, ನಾಯ್ಸ್ ಮತ್ತು ಒಂದು ಸ್ಥಿರಾಂಕ ಉಳಿಯುತ್ತವೆ. ಎಡವುವುದು ತರಂಗಾಂತರದಲ್ಲಿ. ಫೇಸ್ ಇರುವುದು ಸೈಕಲ್‌ಗಳಲ್ಲಿ. ಮೀಟರಿಗೆ ತರುವಾಗ 0.190293673 ಬದಲು 0.1903 ಹಾಕಿದರೆ, ಉಪಗ್ರಹದ ದೂರ 1000 ಕಿ.ಮೀ. ಬದಲಾದಾಗ ಎಲ್1 ಪದವೊಂದರಲ್ಲೇ ಸುಮಾರು 136 ಮೀಟರ್ ತಪ್ಪು ಸೇರಿಕೊಳ್ಳುತ್ತದೆ. ಬೆಳಕಿನ ವೇಗವನ್ನು ಆವರ್ತನದಿಂದ ಭಾಗಿಸಿ ಪೂರ್ತಿ ದಶಾಂಶ ಇಟ್ಟುಕೊಳ್ಳಿ. ಸೈಕಲ್ ಸ್ಲಿಪ್ (ರಿಸೀವರ್‌ನ ಸೈಕಲ್ ಎಣಿಕೆ ತಪ್ಪುವುದು) ಆದಲ್ಲಿ ಗ್ರಾಫ್ ಮೆಟ್ಟಿಲಿನಂತೆ ಜಿಗಿಯುತ್ತದೆ. ಅಲ್ಲಿ ತುಂಡರಿಸಿ, ಪ್ರತಿ ತುಂಡಿನ ಸರಾಸರಿಯನ್ನು ಬೇರೆಬೇರೆ ಕಳೆಯಬೇಕು. ಹಾಗೆ ಕಳೆದಾಗ ಬದಲಾಗದ ಮಲ್ಟಿಪಾತ್ ಕೂಡ ಮಾಯವಾಗುತ್ತದೆ. ಎಂಪಿ1 ಚಿಕ್ಕದಿದೆ ಎಂದು ಹಿಗ್ಗಬೇಡಿ.

ಪ್ರತಿಫಲನದ ಮೂಲ ಸಿಕ್ಕಿದ್ದು ಸಿಗ್ನಲ್ ಬಲದ ಗ್ರಾಫಿನಲ್ಲಿ. ಅಡಿಯಿಂದ ಪುಟಿದು ಬರುವ ಅಲೆಯ ಹೆಚ್ಚುವರಿ ದಾರಿ, ಎತ್ತರದ ಎರಡು ಪಟ್ಟನ್ನು ಎಲಿವೇಶನ್ ಕೋನದ (ದಿಗಂತದಿಂದ ಉಪಗ್ರಹ ಎಷ್ಟು ಮೇಲಿದೆ ಎಂಬುದು) ಸೈನ್‌ನಿಂದ ಗುಣಿಸಿದಷ್ಟು. ಆದ್ದರಿಂದ ಅಡ್ಡ ಅಕ್ಷದಲ್ಲಿ ಸಮಯ ಬೇಡ, ಸೈನ್ ಇರಲಿ; ಏರಿಳಿತ ಸಮ ಅಂತರದಲ್ಲಿ ಕೂರುತ್ತದೆ. 1.5 ಮೀಟರಿಗೆ ಎಲ್1ನಲ್ಲಿ ಆ ಅಂತರ 0.063, ಅಂದರೆ 10ರಿಂದ 30 ಡಿಗ್ರಿಯೊಳಗೆ ಸುಮಾರು ಐದು ಅಲೆ. ಎಣಿಕೆ ಹೊಂದಿತು, ತಪ್ಪಿತಸ್ಥ ತಾರಸಿಯೇ, ಪಕ್ಕದ ಗೋಡೆಯಲ್ಲ. ಜಿಪಿಎಸ್ ಉಪಗ್ರಹಗಳು ದಿನಕ್ಕೆ ಸುಮಾರು 4 ನಿಮಿಷ ಮುಂಚೆ ಅದೇ ಜಾಗಕ್ಕೆ ಬರುವುದರಿಂದ, ಎರಡು ದಿನದ ಗ್ರಾಫನ್ನು ಅಷ್ಟು ಸರಿಸಿ ಒಂದರ ಮೇಲೊಂದು ಇಟ್ಟರೆ ಮಲ್ಟಿಪಾತ್ ಒಂದಕ್ಕೊಂದು ಹೊಂದುತ್ತದೆ, ನಾಯ್ಸ್ ಹೊಂದುವುದಿಲ್ಲ. ಮಳೆಗೆ ತಾರಸಿ ನೆನೆದರೆ ಪ್ರತಿಫಲನವೇ ಬದಲಾಗಿ, ನಿನ್ನೆಯದನ್ನು ಇಂದಿನದರಿಂದ ಕಳೆಯುವ ಉಪಾಯ ಕೈಕೊಡುತ್ತದೆ.

100 ಸೆಕೆಂಡಿನ ಹ್ಯಾಚ್ ಫಿಲ್ಟರ್ (ಫೇಸಿನ ನೆರವಿನಿಂದ ಕೋಡ್ ದೂರವನ್ನು ಸರಾಸರಿ ಮಾಡಿ ನಯಗೊಳಿಸುವುದು) ಇಲ್ಲಿ ಸಾಲದು. ಗಂಟೆಗೆ 30 ಡಿಗ್ರಿ ಏರುವ ಉಪಗ್ರಹಕ್ಕೂ ಒಂದು ಅಲೆ ಮುಗಿಯಲು ಸುಮಾರು 8 ನಿಮಿಷ ಬೇಕು. ಕಂಬವನ್ನು 3 ಮೀಟರಿಗೆ ಏರಿಸಿದರೂ 4 ನಿಮಿಷ. ಸರಾಸರಿಯ ಅವಧಿ ಹಿಗ್ಗಿಸೋಣವೆಂದರೆ, ಒಂದೇ ಆವರ್ತನದಲ್ಲಿ ಅಯಾನೋಸ್ಫಿಯರ್ ಕೋಡನ್ನು ತಡಮಾಡಿಸಿ ಫೇಸನ್ನು ಬೇಗ ತಲುಪಿಸುವುದರಿಂದ ಅವೆರಡೂ ದೂರವಾಗುತ್ತಾ ಹೋಗುತ್ತವೆ. ಎರಡು ಆವರ್ತನವಿದ್ದರೆ ಇದನ್ನು ಸರಿಪಡಿಸಬಹುದು.

ಮುಂದಿನದು ಚೋಕ್ ರಿಂಗ್, ಅಂದರೆ ಅಡಿಯಿಂದ ಬರುವ ಅಲೆ ತಡೆಯಲು ಆಂಟೆನಾ ಸುತ್ತ ಕೂರಿಸುವ, ತೋಡುಗಳಿರುವ ಲೋಹದ ಉಂಗುರಗಳು. ಆಂಟೆನಾ ಅಡಿಯಲ್ಲಿ ಈಗಿರುವ 10 ಸೆಂ.ಮೀ. ಲೋಹದ ತಟ್ಟೆ ಎಲ್1ಗೆ ಅರ್ಧ ತರಂಗಾಂತರದಷ್ಟೇ; ಅಂಚಿನಿಂದ ಅಲೆ ಮೇಲಕ್ಕೆ ಬಾಗುತ್ತದೆ. ತೋಡಿನ ಆಳ ಎಲ್2ನ ಕಾಲು ತರಂಗಾಂತರ 6.1 ಸೆಂ.ಮೀ.ಗಿಂತ ಹೆಚ್ಚು, ಎಲ್1ನ ಅರ್ಧ 9.5ಕ್ಕಿಂತ ಕಡಿಮೆ ಇರಬೇಕು. 6.1ಕ್ಕಿಂತ ಕಡಿಮೆಯಾದರೆ ಎಲ್2 ಅಲೆ ರಿಂಗಿನ ಮೇಲ್ಮೈಗೆ ಅಂಟಿಕೊಂಡು ಆಂಟೆನಾ ತಲುಪುತ್ತದೆ. 6.5 ಎಂದು ನಿಗದಿಯಾಗಿದೆ. ಅಲ್ಯೂಮಿನಿಯಂ ಕತ್ತರಿಸುವುದು ಬಾಕಿ.