ಗೋಡೆಯ ಮೇಲಿನ ಫೋಟೋ

ನಿನ್ನೆ ರಾತ್ರಿ ಫ್ಯಾಮಿಲಿ ಗ್ರೂಪಿನಲ್ಲಿ ಮತ್ತೆ ಅದೇ ಜಗಳ. ಒಬ್ಬರು ಪ್ರಧಾನಿಯನ್ನು ಏಕವಚನದಲ್ಲಿ ಬೈದರು, ಇನ್ನೊಬ್ಬರು 'ಆ ಕುರ್ಚಿಗಾದರೂ ಮರ್ಯಾದೆ ಕೊಡು' ಅಂದರು, ಮಾವ ಗ್ರೂಪ್ ಬಿಟ್ಟೇ ಹೋದರು. (ಬೆಳಗ್ಗೆ ವಾಪಸ್ ಬಂದಿದ್ದಾರೆ, ಶುಭೋದಯದ ಹೂವಿನ ಸಮೇತ.)

ನನಗೆ ವಾಜಪೇಯಿ ನೆನಪಾದರು. ಪಾರ್ಲಿಮೆಂಟಿನಲ್ಲಿ ನೆಹರೂ ಅವರನ್ನು, ಅದರಲ್ಲೂ ಚೀನಾ ವಿಷಯದಲ್ಲಿ, ಚೆನ್ನಾಗಿಯೇ ಜಾಡಿಸಿದವರು. 1977ರಲ್ಲಿ ತಾವೇ ವಿದೇಶಾಂಗ ಮಂತ್ರಿಯಾಗಿ, ಸಚಿವಾಲಯವಿದ್ದ ದೆಹಲಿಯ ಸೌತ್ ಬ್ಲಾಕಿಗೆ ಹೋದರೆ ಗೋಡೆಯ ಮೇಲಿದ್ದ ನೆಹರೂ ಫೋಟೋ ಮಾಯ! ಎಲ್ಲಿ ಹೋಯಿತು ಅಂತ ಕೇಳಿದರು, ಫೋಟೋ ಮತ್ತೆ ಗೋಡೆಗೆ ಬಂತು. ಅದಕ್ಕೆ ಎರಡು ವರ್ಷದ ಹಿಂದಷ್ಟೇ, ತುರ್ತುಪರಿಸ್ಥಿತಿಯಲ್ಲಿ, ಅವರನ್ನು ನಮ್ಮ ಬೆಂಗಳೂರಿನಲ್ಲೇ ಹಿಡಿದು ಜೈಲಿಗೆ ಹಾಕಿದ್ದು ನೆಹರೂ ಮಗಳ ಸರ್ಕಾರ ಅಲ್ವಾ!

ಹಾಗಂತ ಟೀಕೆ ನಿಲ್ಲಿಸಿದರಾ? ಇಲ್ಲ. ಮರ್ಯಾದೆ ಅಂದರೆ ಬಾಯಿ ಮುಚ್ಚಿಕೊಂಡಿರುವುದು ಅನ್ನುವವರ ಮೇಲೇ ನನಗೆ ಜಾಸ್ತಿ ತಕರಾರು. ಕುರ್ಚಿಯಲ್ಲಿ ಕೂತವರನ್ನು ನಾನು ಲೆಕ್ಕ ಕೇಳುತ್ತೇನೆ, ಇಷ್ಟವಿಲ್ಲದಿದ್ದರೆ ವೋಟೂ ಹಾಕುವುದಿಲ್ಲ, ಆದರೆ ಅವರ ಮನೆಯವರನ್ನು ಎಳೆದು ತರುವುದಿಲ್ಲ.

ಇದನ್ನೆಲ್ಲ ಗ್ರೂಪಿಗೆ ಹಾಕೋಣ ಅಂತ ಟೈಪ್ ಮಾಡಿದೆ. ಆಮೇಲೆ ಅಳಿಸಿ, ಸುಮ್ನೆ ಮಾವನ ಹೂವಿಗೆ ಒಂದು ನಮಸ್ಕಾರ ಒತ್ತಿದೆ.